ಮದುವೆಗೆ ಯಾವ ಸೀರೆ, ಎಷ್ಟು ಖರ್ಚು? ಜಂಪರ್ ಹೊಲಿಯುವವಳ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ನಾನು ಮನೆಯಲ್ಲೇ ಜಂಪರ್ ಹೊಲಿಯುತ್ತೇನೆ. ಸೀರೆ ಮಾರುವವಳಲ್ಲ. ಹಾಗಾಗಿ ಇಂಥದ್ದೇ ತಗೊಳ್ಳಿ ಅಂತ ಹೇಳುವುದರಿಂದ ನನಗೆ ಲಾಭವೂ ಇಲ್ಲ, ಲುಕ್ಸಾನೂ ಇಲ್ಲ. ಆದರೆ ಸೀರೆ ಕೊಂಡ ಮೇಲೆ ಎಲ್ಲರೂ ಬರುವುದು ನನ್ನಂಥವರ ಹತ್ತಿರವೇ ಅಲ್ವಾ. ಪಿಶವಿ ಬಿಚ್ಚಿ ಮಂಚದ ಮೇಲೆ ಸುರುವುತ್ತಾರೆ. ಬಿಲ್ಲು ಒಳಗೇ ಇರುತ್ತದೆ. "ಎಷ್ಟ ಕೊಟ್ಟಿರಬೇಕ ಹೇಳ್ರಿ ನೋಡೂಣು" ಅನ್ನುವವರಿದ್ದಾರೆ. "ನಮ್ಮ ಮನಿಯವರಿಗೆ ಹೇಳಬ್ಯಾಡ್ರಿ ಅಕ್ಕಾರ, ಎರಡ ಸಾವಿರ ಅಂತ ಹೇಳೇನಿ" ಅನ್ನುವವರೂ ಇದ್ದಾರೆ.

ಒಬ್ಬರು ಗಂಡನ ಆಫೀಸಿನವರ ಮಗಳ ಮದುವೆಗೆ ಅಂತ ₹9,000ದ ಸೀರೆ ತಂದರು. ಮದುವೆಯಲ್ಲಿ ಇದ್ದದ್ದು ಒಂದೂವರೆ ತಾಸು. ಅದರಲ್ಲಿ ಊಟಕ್ಕೆ ಪಾಳಿ ಹಚ್ಚಿದ್ದೇ ಮುಕ್ಕಾಲು ತಾಸು. ಮುಂದಿನ ವರ್ಷ ಅದೇ ಸೀರೆ ಹಿಡಿದುಕೊಂಡು ಬಂದರು. "ಫಾಲ್ ಬಿಚ್ಚಿ ಕೊಡ್ರಿ, ನಾದನಿಗೆ ಆಯೇರಿ ಮಾಡ್ತೇನಿ" ಅಂದರು. ಆಯೇರಿ ಅಂದರೆ ಉಡುಗೊರೆ. ಬಿಚ್ಚಿಕೊಟ್ಟೆ. ಸೂಜಿ ತೂತು ಕಾಣದಿರಲಿ ಅಂತ ನೀರು ಚಿಮುಕಿಸಿ ಇಸ್ತ್ರಿಯನ್ನೂ ಮಾಡಿಕೊಟ್ಟೆ.

ಹೀಗೆ ಆಗಬಾರದು ಅಂದರೆ ಸೀರೆ ನೋಡುವ ಮುಂಚೆ ದುಡ್ಡು ಎಷ್ಟು ಅಂತ ಗಟ್ಟಿ ಮಾಡಿಕೊಳ್ಳಬೇಕು. ಅದೂ ಸೀರೆಯೊಂದಕ್ಕೇ ಅಲ್ಲ, ಇಡೀ ಮದುವೆಗೆ. ನಾನು ಮಾಡುವ ಕ್ರಮ ಇದು.

ಮೊದಲು ನಂಟು ನೋಡಿ

ಕಾರ್ಡು ಕೈಗೆ ಬಂದ ಕೂಡಲೇ ಕೇಳಿಕೊಳ್ಳಬೇಕಾದ್ದು ಇಷ್ಟೇ: ಆ ಹಂದರದಲ್ಲಿ ನನ್ನ ಕೆಲಸ ಏನು? ಅರಿಷಿಣ ಹಚ್ಚುವುದು, ಸುರಗಿ ಸುತ್ತುವುದು, ಉಡಿ ತುಂಬುವುದು, ಬೀಗರನ್ನು ಎದುರುಗೊಳ್ಳುವುದು ಇದ್ದರೆ ನೀವು ಮನೆಯವರು. ಎರಡು ದಿನ ಅಲ್ಲೇ ಇರುತ್ತೀರಿ. ಫೋಟೋದಲ್ಲೂ ಇರುತ್ತೀರಿ. ಇಂಥ ಮದುವೆಗೆ ಒಂದು ಒಳ್ಳೆ ಸೀರೆ ತಗೊಂಡರೆ ತಪ್ಪಿಲ್ಲ. ಅಕ್ಕಿಕಾಳು ಹಾಕಿ, ಮುಯ್ಯಿ ಕೊಟ್ಟು, ಊಟ ಮಾಡಿ ಬರುವ ಮದುವೆ ಆದರೆ ಹೊಸ ಸೀರೆ ಬೇಕಿಲ್ಲ. ಖರೇ ಹೇಳುತ್ತೇನೆ, ಯಾರೂ ನೋಡಲ್ಲ. ಮದುಮಗಳ ಸೀರೆ ನೋಡುತ್ತಾರೆ, ಬೀಗತಿಯ ಕೊರಳ ಸರ ನೋಡುತ್ತಾರೆ, ಊಟಕ್ಕೆ ಸ್ವೀಟು ಏನು ಅಂತ ನೋಡುತ್ತಾರೆ.

ತೀರ ಹತ್ತಿರದವರಿಗೆ ಇನ್ನೊಂದು ಮಾತು. ನಮ್ಮ ಕಡೆ ಮದುವೆ ಮನೆಯವರು ಬಸ್ತಾ ತೆಗೆಯಲು, ಅಂದರೆ ಮದುವೆ ಬಟ್ಟೆ ಕೊಳ್ಳಲು, ಹೋದಾಗ ಅಕ್ಕ-ತಂಗಿ, ಸೋದರತ್ತೆ, ಚಿಕ್ಕವ್ವಂದಿರಿಗೂ ಸೀರೆ ತರುತ್ತಾರೆ. ನೀವು ಹೊಸದು ಕೊಂಡು, ಜಂಪರ್ ಹೊಲಿಸಿ, ಎಲ್ಲ ಮುಗಿದ ಮೇಲೆ "ನಿನಗೂ ಒಂದು ತಂದೇವಿ, ಅದನ್ನ ಉಟಗೋ" ಅಂತ ಫೋನು ಬರುತ್ತದೆ. ಅದನ್ನು ಉಡದಿದ್ದರೆ ಅವರಿಗೆ ಬೇಜಾರು. ಉಟ್ಟರೆ ನಿಮ್ಮದು ಪೆಟ್ಟಿಗೆಗೆ. ಆದ್ದರಿಂದ ಕೊಳ್ಳುವ ಮುಂಚೆ ನಾಚಿಕೆ ಬಿಟ್ಟು ಕೇಳಿಬಿಡಿ. ಅವ್ವನ ಮೂಲಕ ಕೇಳಿಸಿದರೆ ಇನ್ನೂ ಚಲೋ.

ಈಗ ಹೊಸದೊಂದು ಶುರುವಾಗಿದೆ. ವಾಟ್ಸಾಪಿನಲ್ಲಿ ಗುಂಪು ಮಾಡಿ, ಅಕ್ಕ-ತಂಗಿಯರೆಲ್ಲ ಒಂದೇ ಥರದ ಸೀರೆ ಉಡೋಣ ಅನ್ನುವುದು. ಹನ್ನೆರಡು ಸೀರೆ ಒಂದೇ ಗಂಟಿನಲ್ಲಿ ಬರುತ್ತದೆ. ಹನ್ನೆರಡು ಮಂದಿಯಲ್ಲಿ ಇಬ್ಬರಿಗೆ ಆ ಬಣ್ಣ ಒಪ್ಪುತ್ತದೆ. ಮೂವರಿಗೆ ಆ ದುಡ್ಡು ಭಾರ, ಆದರೆ ಗುಂಪಿನಲ್ಲಿ ಹೇಳಲಿಕ್ಕೆ ಆಗಲ್ಲ. ಗುಂಪಿನಲ್ಲಿ ನಿಮ್ಮ ಮಾತು ನಡೆಯುವುದಾದರೆ 'ಸೀರೆ ಬೇಡ, ಬಣ್ಣ ಗೊತ್ತು ಮಾಡೋಣ' ಅನ್ನಿ. ಹಸಿರು ಅಂದರೆ ಎಲ್ಲರ ಟ್ರಂಕಿನಲ್ಲೂ ಒಂದು ಹಸಿರು ಸೀರೆ ಇದ್ದೇ ಇರುತ್ತದೆ.

ಆಮೇಲೆ ಒಟ್ಟು ಖರ್ಚು

ಸೀರೆಗೆ ಎಷ್ಟು ಅಂತ ಯೋಚಿಸಬೇಡಿ. ಮದುವೆಗೆ ಎಷ್ಟು ಅಂತ ಯೋಚಿಸಿ. ಜಮಖಂಡಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ ಆದಾಗ ನಾನು ₹5,000 ಅಂತ ಗೊತ್ತು ಮಾಡಿದ್ದೆ. ಮುಯ್ಯಿ ₹1,000. ಇಬ್ಬರು ಮಕ್ಕಳಿಗೆ ಅರಿವಿ ₹1,400. ಮನೆಯವರ ಬಸ್ ಚಾರ್ಜು, ದಾರಿಯಲ್ಲಿ ಚಹಾ-ತಿಂಡಿ ₹400. ಹೂವು, ಬಳೆ ₹200. ಉಳಿದದ್ದು ₹2,000. ನನ್ನ ಬಸ್ ಚಾರ್ಜು ಈ ಲೆಕ್ಕದಲ್ಲಿ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ಸಾದಾ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡು ಮಾತ್ರ ಪರ್ಸಿನಲ್ಲಿರಲಿ.

ಆ ₹2,000 ಪೂರಾ ಸೀರೆಗೆ ಅಂದುಕೊಂಡರೆ ತಪ್ಪಿದಿರಿ. ಜಂಪರ್ ಹೊಲಿಗೆ ₹400. ಅಸ್ತರದ ಬಟ್ಟೆ, ಹುಕ್ಕು, ದಾರ ₹130. ಫಾಲ್ ಮತ್ತು ಪಿಕೋ ₹120. ಇದು ನನ್ನ ರೇಟು, ನಿಮ್ಮ ಓಣಿಯಲ್ಲಿ ಬೇರೆ ಇರಬಹುದು. ಒಟ್ಟು ₹650 ಹೋಯಿತು. ಸೆರಗಿಗೆ ಕುಚ್ಚು ಕಟ್ಟಿಸುವುದಾದರೆ ಅದು ಬೇರೆ. ಅಂದರೆ ನಿಜವಾಗಿ ಸೀರೆಗೆ ಸಿಕ್ಕದ್ದು ₹1,350. ಅಂಗಡಿಯವನು 'ನಿಮ್ಮ ರೇಂಜ್ ಎಷ್ಟ್ರಿ' ಅಂತ ಕೇಳಿದಾಗ ಹೇಳಬೇಕಾದ್ದು ಈ ಕೊನೆಯ ಅಂಕಿ. ಎರಡು ಸಾವಿರ ಅಂದರೆ ಅವನು ಎರಡು ಸಾವಿರದ ಐನೂರರದ್ದನ್ನೇ ಮೊದಲು ಬಿಚ್ಚುತ್ತಾನೆ. ಅದು ಅವನ ಕಸುಬು, ಬೈಯುವಂಥದ್ದೇನಿಲ್ಲ.

ಒಂದು ಮದುವೆಯ ಲೆಕ್ಕವೂ ಸಾಲದು, ಹಂಗಾಮಿನ ಲೆಕ್ಕ ಬೇಕು. ತುಳಸಿ ಲಗ್ನ ಮುಗಿದ ಮೇಲೆ ಕಾರ್ಡು ಬರಲು ಶುರುವಾದರೆ ಆಷಾಢ ಹತ್ತುವವರೆಗೆ ನಿಲ್ಲುವುದಿಲ್ಲ. ಎಲ್ಲ ಕಾರ್ಡು ಒಂದು ಕಡೆ ಇಡಿ. ಗಂಡನ ಕಡೆಯ ಮದುವೆ ಎಷ್ಟು, ತವರಿನ ಕಡೆಯದ್ದು ಎಷ್ಟು, ಓಣಿಯದ್ದು ಎಷ್ಟು ಅಂತ ಬೇರೆ ಮಾಡಿ. ಒಂದೇ ಸೀರೆ ಮೂರೂ ಕಡೆ ನಡೆಯುತ್ತದೆ, ಯಾಕೆಂದರೆ ನೋಡುವ ಮಂದಿ ಬೇರೆ ಬೇರೆ.

ಉದ್ರಿ ತರಬೇಡಿ. ಇದರಲ್ಲಿ ನಾನು ಸ್ವಲ್ಪ ಬಿಗಿ. ಸ್ವಂತ ಮಗಳ ಮದುವೆಗೆ ಸಂಘದಲ್ಲಿ ಸಾಲ ಎತ್ತಿದವರನ್ನು ನೋಡಿದ್ದೇನೆ, ಅದು ಬೇರೆ ಮಾತು. ಬೇರೆಯವರ ಮಗಳ ಮದುವೆಗೆ ಹೋಗಿ ಬರಲು ಸಂಘದ ಸಾಲದಲ್ಲಿ ಸೀರೆ ತಂದವರನ್ನೂ ನೋಡಿದ್ದೇನೆ. ಆ ಸೀರೆಗೆ ಜಂಪರ್ ಹೊಲಿಯುವಾಗ ನನ್ನ ದುಡ್ಡು ಕೇಳಲು ನನಗೇ ಮುಜುಗರ.

ಅಂಗಡಿಗಿಂತ ಮುಂಚೆ ಟ್ರಂಕು

ಇದು ಬೇಜಾರಿನ ಕೆಲಸ, ಆದರೆ ದುಡ್ಡು ಉಳಿಯುವುದು ಇಲ್ಲೇ. ಒಂದು ಮಧ್ಯಾಹ್ನ ಎಲ್ಲ ಸೀರೆ ಹೊರಗೆ ತೆಗೆಯಿರಿ. ಎರಡು ಸಲಕ್ಕಿಂತ ಕಡಿಮೆ ಉಟ್ಟದ್ದು ಒಂದು ಕಡೆ. ಜಂಪರ್ ಬಿಗಿಯಾಗಿ ಬಿಟ್ಟದ್ದು ಒಂದು ಕಡೆ. ಈ ಎರಡನೆಯ ರಾಶಿ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ಸೀರೆಗೆ ಏನೂ ಆಗಿರುವುದಿಲ್ಲ. ತೋಳು ಬಿಗಿಯಾಗಿದೆ ಅಂತ ಮೂರು ಸಾವಿರದ ಸೀರೆ ಮಲಗಿರುತ್ತದೆ. ಒಳಗೆ ಮಾರ್ಜಿನ್ ಇದ್ದರೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಲು ನಾನು ₹50 ತಗೊಳ್ಳುತ್ತೇನೆ.

ನಾನು ಅಳತೆ ಬರೆಯುವ ವಹಿಯ ಕೊನೆಯ ಹಾಳೆಯಲ್ಲಿ ನನ್ನ ಸೀರೆಗಳ ಲೆಕ್ಕ ಇದೆ. ಸೀರೆಯ ಹೆಸರು, ಕೊಂಡ ವರ್ಷ, ಕೊಟ್ಟ ದುಡ್ಡು. ಮುಂದೆ, ಉಟ್ಟಾಗೊಮ್ಮೆ ಒಂದು ಗೀಟು. ದಾಳಿಂಬರಿ ಬಣ್ಣದ ಇಳಕಲ್ ಸೀರೆ 2016ರಲ್ಲಿ ₹3,800ಕ್ಕೆ ತಂದದ್ದು, ಅದರ ಮುಂದೆ ಹತ್ತೊಂಬತ್ತು ಗೀಟು ಇವೆ. ಒಂದು ಸಲಕ್ಕೆ ₹200 ಬಿತ್ತು. ಕೆಳಗೆ ಒಂದು ನೆಟ್ ಸೀರೆ ಇದೆ, ₹1,700ದ್ದು, ಒಂದೇ ಗೀಟು. ತುಟ್ಟಿ ಯಾವುದು ಅಗ್ಗ ಯಾವುದು ಅಂತ ಅಂಗಡಿಯ ಚೀಟಿ ನೋಡಿದರೆ ತಿಳಿಯಲ್ಲ, ಈ ಹಾಳೆ ನೋಡಿದರೆ ತಿಳಿಯುತ್ತದೆ.

ಬಿಸಿಲು ಮರೆಯಬೇಡಿ

ಏಪ್ರಿಲ್-ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಅಕ್ಕಿಕಾಳು ಬೀಳುವುದು ಮಧ್ಯಾಹ್ನ ಹನ್ನೆರಡರ ಮೇಲೆ. ತಗಡಿನ ಪತ್ರಾಸಿನ ಕೆಳಗೆ ಹಂದರ, ಫ್ಯಾನು ದೂರ, ಕರೆಂಟು ಅದರ ಇಷ್ಟ. ಇಲ್ಲಿ ಪಾಲಿಸ್ಟರ್ ಮೇಲೆ ಕಲ್ಲು-ಮಣಿ ಅಂಟಿಸಿದ ಸೀರೆ ಉಟ್ಟರೆ ಊಟದ ಹೊತ್ತಿಗೆ ತಲೆನೋವು ಗ್ಯಾರಂಟಿ. ಹಗಲಿನ ಮದುವೆಗೆ ಹತ್ತಿ, ಹತ್ತಿ-ರೇಷ್ಮೆ ಕೂಡಿದ್ದು ಅಥವಾ ಹಗುರ ರೇಷ್ಮೆ. ಬೆಳಗಾವಿ ಕಡೆಯ ಸಂಜೆ ರಿಸೆಪ್ಷನ್ ಆದರೆ ಹೊಳೆಯುವುದು ನಡೆಯುತ್ತದೆ, ಅಲ್ಲಿ ಹವೆಯೂ ತಂಪು. ಬಸ್ಸಿನಲ್ಲಿ ಹೋಗುವವರು ಸಾದಾ ಸೀರೆ ಉಟ್ಟು ಹೋಗಿ, ಮದುವೆ ಕಾರ್ಯಾಲಯದಲ್ಲಿ ಬದಲಿಸಿ.

ಇಳಕಲ್ ಸೀರೆ ನೋಡುವ ಬಗೆ

ಈ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ. ಯಾಕೆಂದರೆ ಮದುವೆಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಿಂತ ಸರಿಯಾದ ಸೀರೆ ನನಗಂತೂ ಗೊತ್ತಿಲ್ಲ. ಮದುಮಗಳ ಜರಿ ಸೀರೆಯ ಜೊತೆ ಪೈಪೋಟಿಗೆ ನಿಲ್ಲುವುದಿಲ್ಲ. ಹಾಗಂತ ಬಡವಾಗಿಯೂ ಕಾಣುವುದಿಲ್ಲ. ಹತ್ತು ವರ್ಷ ಆದರೂ 'ಹಳೇ ಫ್ಯಾಷನ್' ಅಂತ ಯಾರೂ ಅನ್ನುವುದಿಲ್ಲ.

ಮೈಗೆ ಚೌಕಡಿ, ಗೀಟು ಅಥವಾ ಸಾದಾ ಬಣ್ಣ. ಎರಡೂ ಬದಿ ದಡಿ, ಅಂದರೆ ಬಾರ್ಡರ್. ಸೆರಗು ಕೆಂಪು, ಅದರ ಮೇಲೆ ಬಿಳಿ ವಿನ್ಯಾಸ. ಆ ಬಿಳಿ ವಿನ್ಯಾಸಕ್ಕೆ ಹಣಿಗೆ, ಕೋಟೆ ಕಮ್ಮಲಿ, ತೋಪು ತೆನೆ ಅಂತ ಹೆಸರಿದೆ. ಹಣಿಗೆ ಅಂದರೆ ತಲೆ ಬಾಚುವ ಹಣಿಗೆಯೇ, ಹಲ್ಲು ಹಲ್ಲಾಗಿ ಕಾಣುತ್ತದೆ. ತೋಪು ತೆನೆ ಜೋಳದ ತೆನೆಯ ಆಕಾರ. ದಡಿಯಲ್ಲಿ ಗೋಮಿ, ಚಿಕ್ಕಿ, ಪರಾಸಪೇಟ, ಗಾಡಿದಡಿ ಅಂತ ಬಗೆಗಳಿವೆ. ಹೆಸರು ಹಿಡಿದು ಕೇಳಿದರೆ ಅಂಗಡಿಯವನು ಸ್ವಲ್ಪ ನೆಟ್ಟಗೆ ಕೂರುತ್ತಾನೆ. 'ಇವರಿಗೆ ಗೊತ್ತದ' ಅಂತ ಅವನಿಗೆ ತಿಳಿಯುತ್ತದೆ.

ದರ ಕೇಳುವ ಮುಂಚೆ ಮೂರು ಮಾತು ಕೇಳಿ. ಮೈ ಯಾವುದರದ್ದು? ಸೆರಗು ಯಾವುದರದ್ದು? ಕೈಮಗ್ಗವೋ, ಪವರ್‌ಲೂಮೋ? ಮೈ ಹತ್ತಿಯದ್ದಿರಬಹುದು, ರೇಷ್ಮೆಯದ್ದಿರಬಹುದು, ಆರ್ಟ್ ಸಿಲ್ಕ್ ಅಂದರೆ ಕೃತಕ ರೇಷ್ಮೆ ಇರಬಹುದು. ಮೂರೂ ದೂರದಿಂದ ಒಂದೇ ಥರ ಕಾಣುತ್ತವೆ, ದರ ಮಾತ್ರ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಮೂರನೆಯ ಪ್ರಶ್ನೆಗೆ ಅಂಗಡಿಯವನ ಉತ್ತರ ಏನೇ ಇರಲಿ, ನೀವೇ ನೋಡಿ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದಕ್ಕೆ ಓಡುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಅನ್ನುತ್ತಾರೆ. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಮಾಡಬೇಕು. ಅಷ್ಟು ಕಷ್ಟ ಪಟ್ಟದ್ದಕ್ಕೆ ಏನು ಸಿಗುತ್ತದೆ ಅಂದರೆ, ಸೆರಗಿನಲ್ಲಿ ಕೆಂಪು ಹಾಸಿನ ಮೇಲೆ ಕೆಂಪು ಹೊಕ್ಕು (ಅಡ್ಡ ಎಳೆ) ಬಿದ್ದು ಬಣ್ಣ ತುಂಬಿ ಬರುತ್ತದೆ. ಕೊಂಡಿ ಇಲ್ಲದೆ ಒಂದೇ ಹಾಸಿನಲ್ಲಿ ನೇಯ್ದರೆ ಮೈಯ ಹಸಿರು ಎಳೆ ಸೆರಗಿನ ತುದಿಯವರೆಗೂ ಬರುತ್ತದೆ. ಮೇಲೆ ಕೆಂಪು ಹೊಕ್ಕು ಹೊಡೆದರೂ ಕೆಂಪು ಮಂಕು. ಸೆರಗನ್ನು ಬಾಗಿಲ ಬೆಳಕಿಗೆ ತಂದು ಸ್ವಲ್ಪ ಓರೆ ಮಾಡಿ ಹಿಡಿಯಿರಿ. ಒಳಗಿಂದ ಹಸಿರೋ ನೀಲಿಯೋ ಇಣುಕಿದರೆ ಕೊಂಡಿ ಇಲ್ಲ. ಮೈ-ಸೆರಗು ಕೂಡುವ ಗೆರೆಯ ಮೇಲೆ ಉಗುರು ಎಳೆದರೂ ತಿಳಿಯುತ್ತದೆ. ಕೊಂಡಿ ಇದ್ದಲ್ಲಿ ಸಣ್ಣದೊಂದು ಉಬ್ಬು ತಾಗುತ್ತದೆ. ದಡಿಯ ಅಂಚಿನಲ್ಲಿ ಸೂಜಿ ಚುಚ್ಚಿದಂಥ ತೂತುಗಳ ಸಾಲು ಕೈಮಗ್ಗದ ಗುರುತು ಅಂತ ಹೇಳುತ್ತಾರೆ, ನಿಜವೇ, ಆದರೆ ಅದೊಂದನ್ನೇ ನಂಬಬೇಡಿ.

ಪವರ್‌ಲೂಮ್ ಸೀರೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ₹1,350ರಲ್ಲಿ ತಂದದ್ದು ಅದೇ, ಚೆನ್ನಾಗೇ ಇದೆ. ಕೈಮಗ್ಗದ ದುಡ್ಡು ಕೊಟ್ಟು ಪವರ್‌ಲೂಮ್ ತಂದರೆ ಹೊಟ್ಟೆ ಉರಿಯುತ್ತದೆ, ಅಷ್ಟೇ.

ಆಗುವುದಾದರೆ ಇಳಕಲ್‌ಗೇ ಹೋಗಿ. ಬಾಗಲಕೋಟೆಯಿಂದ ಅಮೀನಗಡ, ಹುನಗುಂದ ದಾಟಿ ಹೋಗುವ ಬಸ್ಸು. ಹೇಗಿದ್ದರೂ ಅಮೀನಗಡದಲ್ಲಿ ಕರದಂಟು ಕೊಳ್ಳುತ್ತೀರಿ, ಅದನ್ನೂ ಖರ್ಚಿಗೆ ಸೇರಿಸಿಕೊಳ್ಳಿ! ನೇಕಾರರ ಮನೆಯಲ್ಲಿ ಕುಣಿ ಮಗ್ಗ (ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ) ನೋಡಿದರೆ ದರದ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ. ದಿನಕ್ಕೆ ಎಷ್ಟು ಮೊಳ ಮುಂದೆ ಸಾಗಿತು ಅಂತ ಅವರನ್ನೇ ಕೇಳಿ ನೋಡಿ.

ಒಂದು ಸಣ್ಣ ಎಚ್ಚರಿಕೆ. ಹಳೆ ಪದ್ಧತಿಯ ಇಳಕಲ್ ಸೀರೆಗೆ ಜಂಪರ್ ಪೀಸ್ ಕೂಡಿರುವುದಿಲ್ಲ. ಬೇರೆ ತಗೊಳ್ಳಬೇಕು. ಅದರ ದುಡ್ಡನ್ನೂ ಎತ್ತಿಡಿ.

ರೇಷ್ಮೆನೋ, ರೇಷ್ಮೆಯಂಥದ್ದೋ

ನಾಲ್ಕು ವರ್ಷದ ಹಿಂದೆ ನಾನೇ ಮೋಸ ಹೋದೆ. ತಮ್ಮನ ನಿಶ್ಚಯಕ್ಕೆ ಅಂತ ಒಂದು ಅಂಗಡಿಯಲ್ಲಿ 'ಪ್ಯೂರ್' ಅಂತ ಹೇಳಿ ಕೊಟ್ಟ ₹4,200ದ ಸೀರೆ ತಂದೆ. ದಿನಾ ಅರಿವಿ ಮುಟ್ಟುವ ಕೈ ಇದು, ಆದರೂ ದೀಪದ ಬೆಳಕಿನಲ್ಲಿ ಬಣ್ಣ ನೋಡಿ ಮರುಳಾದೆ. ಮನೆಗೆ ಬಂದು ಸೆರಗಿನ ಮೇಲೆ ಇಸ್ತ್ರಿ ಇಟ್ಟೆ. ಜರ್ ಅಂತ ಸದ್ದು. ಎತ್ತಿದರೆ ಬೆರಳಗಲ ಸೆರಗು ಮುದುಡಿ ಇಸ್ತ್ರಿಗೆ ಅಂಟಿತ್ತು. ಪ್ಲಾಸ್ಟಿಕ್ ಸುಟ್ಟ ನಾತ. ಅಂಗಡಿಗೆ ಹೋದರೆ "ಇಸ್ತ್ರಿ ನೀವ ಜಾಸ್ತಿ ಕಾಸೀರಿ" ಅಂದರು. ಈಗ ಆ ಸೀರೆ ಹೊಲಿಗೆ ಮಷೀನಿನ ಹೊದಿಕೆ ಆಗಿದೆ.

ಅದಕ್ಕೇ ಹೇಳುತ್ತೇನೆ. ಸೆರಗಿನ ತುದಿಯಲ್ಲಿ ಬಿಟ್ಟಿರುವ ಒಂದೆರಡು ಎಳೆ ಕೇಳಿ ತಗೊಳ್ಳಿ, ಬೆಂಕಿಕಡ್ಡಿಗೆ ಹಿಡಿಯಿರಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ, ಉಳಿದ ಬೂದಿ ಬೆರಳಲ್ಲಿ ಹುಡಿಯಾಗುತ್ತದೆ. ಆರ್ಟ್ ಸಿಲ್ಕ್‌ನ ರೇಯಾನ್ ಆದರೆ ಕಾಗದ ಸುಟ್ಟ ವಾಸನೆ. ಪಾಲಿಸ್ಟರ್ ಕರಗಿ ತುದಿಗೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಮೈ ಒಂದು, ಸೆರಗು ಇನ್ನೊಂದು ಇರಬಹುದು, ಎರಡರ ಎಳೆಯನ್ನೂ ನೋಡಿ. ಇಷ್ಟೆಲ್ಲ ಯಾಕೆ ಅನ್ನುವವರು ಸಿಲ್ಕ್ ಮಾರ್ಕ್ ಚೀಟಿ ಇರುವುದನ್ನು ತಗೊಳ್ಳಲಿ. ಬಿಲ್ಲಿನಲ್ಲಿ 'ಪ್ಯೂರ್ ಸಿಲ್ಕ್' ಅಂತ ಬರೆಸಿಕೊಳ್ಳಿ. ಬರೆಯಲು ಹಿಂದೆ ಮುಂದೆ ನೋಡಿದರೆ ಉತ್ತರ ಸಿಕ್ಕಂತೆಯೇ.

ಕಸೂತಿ ಸೀರೆಯದ್ದೂ ಇದೇ ಕಥೆ. ತಿರುವಿ ಹಿಂಬದಿ ನೋಡಿ. ಕೈ ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ, ಮುರಗಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣುತ್ತವೆ. ಮಷೀನಿನದ್ದಾದರೆ ಹಿಂದೆ ಬೇರೆ ದಾರ ಓಡಿರುತ್ತದೆ, ಕೆಲವಕ್ಕೆ ಕಾಗದದಂಥ ಪಟ್ಟಿ ಅಂಟಿರುತ್ತದೆ. ಅಂದಹಾಗೆ, ಕಪ್ಪು ಬಣ್ಣ ಮದುವೆಗೆ ಬೇಡ ಅಂತ ಹಿರಿಯರು ಹೇಳುವುದುಂಟು. ಅವರದೇ ಕಾಲದಲ್ಲಿ ಮದುಮಗಳಿಗೆ ಕೊಡುವ ಸೀರೆಗಳಲ್ಲಿ ಕಪ್ಪು ರೇಷ್ಮೆಗೆ ಕಸೂತಿ ಹಾಕಿದ ಚಂದ್ರಕಾಳಿಗೆ ದೊಡ್ಡ ಮರ್ಯಾದೆ ಇತ್ತು. ವಾದ ಮಾಡಬೇಡಿ, ಚಂದ್ರಕಾಳಿ ಅನ್ನಿ ಸಾಕು.

ಜಂಪರ್ ಮೇಲೆ ಖರ್ಚು ಮಾಡಿ

ಸೀರೆಯಲ್ಲಿ ಐನೂರು ಉಳಿಸಿ ಜಂಪರಿಗೆ ಹಾಕಿ ಅಂತ ನಾನು ಹೇಳಿದರೆ 'ಹೊಲಿಯುವವಳು ಇನ್ನೇನು ಹೇಳ್ತಾಳೆ' ಅಂತ ನಗುತ್ತೀರಿ. ನಗಿ. ಆದರೆ ನಾಲ್ಕು ಸಲ ಉಟ್ಟ ಸೀರೆಗೆ ಬೇರೆ ಜಂಪರ್ ಹಾಕಿದರೆ ಐದನೆಯ ಸಲ ಅದು ಹೊಸ ಸೀರೆಯೇ. ಇದಕ್ಕೆ ಗುಳೇದಗುಡ್ಡದ ಖಣ, ಅಂದರೆ ಅಲ್ಲಿ ನೇಯುವ ಜಂಪರ್ ಬಟ್ಟೆ, ಅದರಂಥದ್ದು ಇನ್ನೊಂದಿಲ್ಲ. ಇಳಕಲ್ ಸೀರೆಯ ಹಾಗೆ ಇದಕ್ಕೂ ಜಿಐ ಮಾನ್ಯತೆ (ಆ ಊರಿನದ್ದೇ ವಸ್ತು ಅನ್ನುವ ಸರ್ಕಾರಿ ಗುರುತು) ಇದೆ. ಅಂಗಡಿಯಲ್ಲಿ ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ, ನೋಡಿರುತ್ತೀರಿ. ಉಡಿ ತುಂಬುವಾಗ ಕೊಟ್ಟ ಖಣಗಳು ಎಲ್ಲರ ಮನೆಯಲ್ಲೂ ಬಿದ್ದಿರುತ್ತವೆ. ಅದರಲ್ಲಿ ಅಸಲಿ ಖಣ ಇದೆಯಾ ಅಂತ ಮೊದಲು ಹುಡುಕಿ. ನನ್ನ ಗಿರಾಕಿಯೊಬ್ಬರಿಗೆ ಅತ್ತೆಯ ಟ್ರಂಕಿನಲ್ಲಿ ಆರು ಸಿಕ್ಕವು. ಒಂದು ರೂಪಾಯಿ ಖರ್ಚಿಲ್ಲ.

ಹೊಲಿಯಲು ಕೊಡುವಾಗ ಇಷ್ಟು ನೆನಪಿರಲಿ. ಖಣದ ಪನ್ನಾ, ಅಂದರೆ ಅಗಲ, ಸಣ್ಣದು. ಮೊಣಕೈವರೆಗೆ ತೋಳು ಬೇಕಾದರೆ ಬಟ್ಟೆ ಸಾಲುತ್ತದೆಯಾ ಅಂತ ಕೊಳ್ಳುವ ಮುಂಚೆಯೇ ಫೋನು ಮಾಡಿ ಕೇಳಿ. ಎರಡು ಖಣ ಒಂದೇ ಬಣ್ಣದ್ದು ಆಮೇಲೆ ಸಿಗುವುದಿಲ್ಲ. ಅಸ್ತರದ ಬಟ್ಟೆ ಮತ್ತು ಫಾಲ್ ಎರಡನ್ನೂ ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಿ ಕೊಡಿ, ಅಥವಾ ಹಾಕಿದ್ದಾರಾ ಅಂತ ಕೇಳಿ. ನೆನೆಹಾಕದ ಅಸ್ತರ ಮೊದಲ ಒಗೆತಕ್ಕೆ ಕುಗ್ಗಿ, ಮೇಲಿನ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ. ಬೆನ್ನ ಮೇಲೆ ಸುಕ್ಕು ಬೀಳುವುದು ಇದರಿಂದಲೇ, ಟೇಲರಮ್ಮನ ಕೈ ತಪ್ಪಿನಿಂದಲ್ಲ. ಬದಿಗೆ ಒಂದೊಂದು ಇಂಚು ಮಾರ್ಜಿನ್ ಬಿಡಿಸಿ, ಎರಡು ಹೆಚ್ಚಿನ ಹೊಲಿಗೆ ಹಾಕಿಸಿ. ಮುಂದೆ ಒಂದೊಂದೇ ಬಿಚ್ಚಿಕೊಂಡು ಹೋಗಬಹುದು. ಬೆನ್ನಿಗೆ ದೊಡ್ಡ ಕಿಟಕಿ, ಮೂರು ಥರದ ಲೇಸು, ಗಂಟೆ ಜೋತಾಡುವ ದಾರ ಬೇಕಿದ್ದರೆ ಹೊಲಿದುಕೊಡುತ್ತೇನೆ. ಮಜೂರಿ ದುಪ್ಪಟ್ಟು ಆಗುತ್ತದೆ, ಎರಡು ವರ್ಷಕ್ಕೆ ಆ ಡಿಸೈನು ಹೋಗುತ್ತದೆ. ನಿಮ್ಮ ಇಷ್ಟ.

ದಿನ ಎಷ್ಟು ಬೇಕು? ಮೂರು ವಾರ. "ಅಕ್ಕಾರ, ನಾಳಿಗೇ ಬೇಕ್ರಿ, ಲಗ್ನಾ ನಾಡದ ಅದ" ಅಂತ ಬರುವವರಿಗೆ ಹೊಲಿದುಕೊಟ್ಟಿದ್ದೇನೆ, ರಾತ್ರಿ ಒಂದು ಗಂಟೆವರೆಗೆ ಕೂತು. ಆದರೆ ಆ ಜಂಪರ್ ತೊಟ್ಟು ನೋಡಿ ಸರಿಪಡಿಸಲು ಹೊತ್ತು ಇರುವುದಿಲ್ಲ. ಬೆಳಿಗ್ಗೆ ಸೇಫ್ಟಿ ಪಿನ್ನೇ ಗತಿ.

ಅಂಗಡಿ, ಹೊತ್ತು, ಚೌಕಾಸಿ

ಬೆಳಗಾವಿಯವರಿಗೆ ಶಹಾಪುರ, ಖಡೇಬಜಾರ ಇದೆ. ವಿಜಯಪುರದವರಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ ಹತ್ತಿರ. ದಿನಬಳಕೆಗೆ ಆಗುವಂಥ ಹತ್ತಿ ಸೀರೆಗೆ ರಬಕವಿ-ಬನಹಟ್ಟಿ. ಎಲ್ಲೇ ಹೋಗಿ, ಹಗಲು ಹೋಗಿ. ದೀಪದ ಕೆಳಗೆ ಬಣ್ಣ ನಂಬಬೇಡಿ, ನನ್ನ ಕಥೆ ಓದಿದಿರಲ್ಲ. ಊಟ ಮಾಡಿ ಹೋಗಿ, ಹಸಿದವರು ಬೇಗ ಒಪ್ಪುತ್ತಾರೆ. ಜೊತೆಗೆ ಒಬ್ಬರು ಸಾಕು, ಅದೂ ದರ ಕೇಳಿ ಮುಖ ಗಂಟಿಕ್ಕುವಂಥವರು. ನಮ್ಮ ಅತ್ತೆ ಇದರಲ್ಲಿ ಎತ್ತಿದ ಕೈ. ಅವರು ಚೌಕಾಸಿ ಮಾಡುವುದೇ ಇಲ್ಲ. ಸೀರೆ ಮಡಚಿ ಪಕ್ಕಕ್ಕಿಟ್ಟು, ನೀರು ಕೇಳಿ ಕುಡಿದು, ಚಪ್ಪಲಿ ಹಾಕಿಕೊಳ್ಳುತ್ತಾರೆ. ಎಡಗಾಲಿಗೆ ಹಾಕುವಷ್ಟರಲ್ಲಿ ದರ ಇಳಿದಿರುತ್ತದೆ.

ಮುಂದಿನ ಹಂಗಾಮಿಗೆ ಬೇಕು ಅಂತ ಮೊದಲೇ ಗೊತ್ತಿದ್ದರೆ ಆಷಾಢದಲ್ಲಿ ಕೊಳ್ಳಿ. ಮದುವೆ ಇರುವುದಿಲ್ಲ, ಅಂಗಡಿಯವರು ಸೇಲ್ ಹಾಕುತ್ತಾರೆ, ನಾವು ಹೊಲಿಯುವವರೂ ಖಾಲಿ ಇರುತ್ತೇವೆ. ಸೇಲ್‌ನಲ್ಲಿ ಸೀರೆಯನ್ನು ಪೂರ್ತಿ ಬಿಚ್ಚಿಸಿ ನೋಡಿ, ಮಡಿಕೆಯ ಜಾಗದಲ್ಲಿ ಬಣ್ಣ ಹೋಗಿರುವುದುಂಟು.

ಗಂಡಸರಿಗೆ ಒಂದು ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು, ಸಾಕು. ಹಿರಿಯರಿಗೆ ಧೋತರ, ತಲೆಗೆ ರುಮಾಲು. ಚಿಕ್ಕ ಮಕ್ಕಳಿಗೆ ಜರಿ ಚುಚ್ಚುತ್ತದೆ, ಅಳುತ್ತಾರೆ. ಹೆಣ್ಣುಮಗು ಇದ್ದರೆ ಹಳೆ ಇಳಕಲ್ ಸೀರೆಯಲ್ಲಿ ಲಂಗ ಹೊಲಿಸಿ. ಅಂಚಿಗೆ ದಡಿ ತಾನಾಗಿ ಬರುತ್ತದೆ. ಕೆಳಗೆ ನಾಲ್ಕು ಇಂಚು ಮಡಚಿ ಹೊಲಿಸಿದರೆ ಮೂರು ವರ್ಷ ಬಿಚ್ಚಿ ಬಿಚ್ಚಿ ಉದ್ದ ಮಾಡಬಹುದು.

ಮದುವೆ ಮುಗಿದು ಬಂದ ಮೇಲೆ

ಸೀರೆಯನ್ನು ಅವತ್ತೇ ಮಡಚಿ ಟ್ರಂಕಿಗೆ ಹಾಕಬೇಡಿ. ಒಂದು ರಾತ್ರಿ ಹಗ್ಗದ ಮೇಲೆ ನೆರಳಲ್ಲಿ ಹರವಿ, ಬೆವರು ಆರಲಿ. ಸಾರಿನ ಕಲೆ ಇದ್ದರೆ ಆ ಜಾಗ ಮಾತ್ರ ತಣ್ಣೀರಲ್ಲಿ ಒರೆಸಿ. ಇಳಕಲ್ ಸೀರೆಯನ್ನು ಮೊದಲ ಸಲ ಒಗೆಯುವಾಗ ಸೆರಗು ಬೇರೆ, ಮೈ ಬೇರೆ ಹಿಡಿದು ಅದ್ದಿ, ಕೆಂಪು ಬಿಟ್ಟರೆ ಮೈಗೆ ಹತ್ತುತ್ತದೆ. ಜರಿ ಇರುವುದನ್ನು ಹಳೆ ಧೋತರದಲ್ಲಿ ಸುತ್ತಿಡಿ. ಡಾಂಬರು ಗುಳಿಗೆ ಜರಿಗೆ ತಾಗದಂತೆ ಮೂಲೆಯಲ್ಲಿ ಚೀಟಿಯೊಳಗೆ ಇರಲಿ. ಮೂರು-ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ.

ಮದುವೆಯಲ್ಲಿ ಆಯೇರಿ ಬಂದ ಸೀರೆ ಇದ್ದರೆ ಅದರ ಒಳಮೂಲೆಯಲ್ಲಿ ಪೆನ್ಸಿಲಿನಿಂದ ಕೊಟ್ಟವರ ಮನೆತನದ ಹೆಸರು ಬರೆದಿಡಿ. ನಾನು ಬರೆಯದೆ ಒಂದು ಸಲ, ವಿಜಯಪುರದ ದೊಡ್ಡಮ್ಮ ಕೊಟ್ಟ ನೀಲಿ ಸೀರೆಯನ್ನು ಅವರ ಮಗಳಿಗೇ ಆಯೇರಿ ಮಾಡಿಬಿಟ್ಟೆ. ಅವಳು ಸೀರೆ ನೋಡಿದಳು, ನನ್ನ ಮುಖ ನೋಡಿದಳು, "ಬಣ್ಣ ಭಾಳ ಚಲೋ ಐತ್ರಿ ಅಕ್ಕಾ, ಅವ್ವನ್ನ ಕರಕೊಂಡು ಹೋಗಿ ಆರಿಸಿದಂಗ ಐತಿ" ಅಂದಳು.